ಮೊದಲು ಪ್ರಾಯ ಕೇಳಿ, ಆಮೇಲೆ ಹೆಸರಿಡಿ

ಪೇಪರಿನಲ್ಲಿ ಬರುವ ಶಿವಮೊಗ್ಗದ ಅಡಿಕೆ ಧಾರಣೆ ನೋಡಿದ್ದೀರಾ? ಸರಕು, ಬೆಟ್ಟೆ, ರಾಶಿ, ಗೊರಬಲು. ನಾಲ್ಕು ಹೆಸರು, ನಾಲ್ಕು ರೇಟು. ಅಡಿಕೆ ಮರವನ್ನೇ ಕಾಣದ ಯಾರಾದರೂ ಈ ಪಟ್ಟಿಯನ್ನಷ್ಟೇ ಓದಿದರೆ ನಾಲ್ಕು ಬೇರೆ ಬೇರೆ ಬೆಳೆ ಇರಬೇಕು ಅಂದುಕೊಳ್ಳೋದು ಸಹಜ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ ನಮಗೆ ಗೊತ್ತು, ನಾಲ್ಕೂ ಒಂದೇ ಮರದ್ದಾಗಿರಬಹುದು. ಎಳೆಯದಿದ್ದಾಗ ಕೊಯ್ದು ಬೇಯಿಸಿದರೆ ಸರಕು, ಸ್ವಲ್ಪ ಬಲಿತರೆ ಬೆಟ್ಟೆ, ಇನ್ನೂ ಬಲಿತರೆ ರಾಶಿ, ಬಲಿತದ್ದೂ ಮೀರಿದರೆ ಗೊರಬಲು. ವ್ಯತ್ಯಾಸ ಇರೋದು ಮರದಲ್ಲಲ್ಲ, ಕೊಯ್ಲಿನ ದಿನದಲ್ಲಿ.

ಇದೇ ಥರದ ಗೊಂದಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿದ್ದರು. ಈಗಲೂ ಪೂರ್ತಿ ಹೊರಗೆ ಬಂದಿಲ್ಲ. ಅವರ ಮುಂದೆ ಇದ್ದದ್ದು ಅಡಿಕೆಯಲ್ಲ, ಕೊಂಬಿನ ಡೈನೋಸಾರ್. ಒಂದೇ ಪ್ರಾಣಿಯ ಮರಿಗೆ ಒಂದು ಹೆಸರು, ಪ್ರಾಯಕ್ಕೆ ಬಂದದ್ದಕ್ಕೆ ಇನ್ನೊಂದು ಹೆಸರು ಅಂತ ಇಟ್ಟು ಇಟ್ಟು ಮ್ಯೂಸಿಯಮ್ಮುಗಳು ತುಂಬಿಹೋದವು.

ನಮ್ಮ ವಾದ ಸರಳ. ಯಾವ ಜೀವಿಗಾದರೂ ಹೆಸರಿಡುವ ಮುಂಚೆ ಅದರ ಪ್ರಾಯ ಕೇಳಬೇಕು. ಇದು ಡೈನೋಸಾರಿಗೆ ಮಾತ್ರ ಅಲ್ಲ. ಆಗುಂಬೆಯ ಕಾಳಿಂಗಕ್ಕೂ, ಶರಾವತಿ ಕಣಿವೆಯ ಮಂಗಟ್ಟೆ ಹಕ್ಕಿಗೂ, ನಮ್ಮಲ್ಲಿ ಎಷ್ಟೋ ಜನ ಮಿನಿ ಪ್ರಾಜೆಕ್ಟ್ ಅಂತ ಮಾಡುವ ‘ಫೋಟೋ ನೋಡಿ ಪ್ರಾಣಿ ಗುರುತಿಸುವ ಆ್ಯಪ್’ಗೂ ಅನ್ವಯಿಸತ್ತೆ. ಯಾಕೆ ಅಂತ ಹೇಳ್ತೀವಿ, ಸ್ವಲ್ಪ ತಾಳ್ಮೆಯಿಂದ ಓದಿ.

ಬೈಸನ್ ಅಂದುಕೊಂಡಿದ್ದು

1887ರಲ್ಲಿ ಅಮೆರಿಕದ ಡೆನ್ವರ್ ಹತ್ತಿರ ಒಂದು ಜೊತೆ ದೊಡ್ಡ ಕೊಂಬು ಸಿಕ್ಕಿತು. ಅದು ಯೇಲ್ ವಿಶ್ವವಿದ್ಯಾಲಯದ ಒತ್ನೀಲ್ ಚಾರ್ಲ್ಸ್ ಮಾರ್ಷ್ ಕೈಗೆ ಬಂತು. ಮಾರ್ಷ್ ಆ ಕಾಲದ ದೊಡ್ಡ ಪಳೆಯುಳಿಕೆ ತಜ್ಞ. ಅವನು ನೋಡಿ, ಇದು ಹಳೇ ಕಾಲದ ದೈತ್ಯ ಬೈಸನ್ ಅಂತ ತೀರ್ಮಾನಿಸಿ ‘ಬೈಸನ್ ಆಲ್ಟಿಕಾರ್ನಿಸ್’ ಅಂತ ಹೆಸರಿಟ್ಟ. ಎರಡು ವರ್ಷದಲ್ಲಿ ಇನ್ನೂ ಒಳ್ಳೇ ಮಾದರಿಗಳು ಸಿಕ್ಕಿ ಇದು ಬೈಸನ್ ಅಲ್ಲ, ಡೈನೋಸಾರ್ ಅಂತ ಗೊತ್ತಾಯ್ತು. 1889ರಲ್ಲಿ ಅದೇ ಮಾರ್ಷ್ ‘ಟ್ರೈಸೆರಟಾಪ್ಸ್’ ಅನ್ನೋ ಹೆಸರು ಕೊಟ್ಟ. ಮೂರು ಕೊಂಬಿನ ಮುಖ ಅಂತ ಅರ್ಥ. ಜುರಾಸಿಕ್ ಪಾರ್ಕ್ ಸಿನಿಮಾದಲ್ಲಿ ಹುಷಾರಿಲ್ಲದೆ ಮಲಗಿರತ್ತಲ್ಲ, ಅದೇ.

ಮುಂದೆ ಆದದ್ದು ಹೆಸರಿಡುವ ಜಾತ್ರೆ. ಮಾರ್ಷ್‌ಗೂ ಎಡ್ವರ್ಡ್ ಡ್ರಿಂಕರ್ ಕೋಪ್ ಅನ್ನೋ ಇನ್ನೊಬ್ಬ ವಿಜ್ಞಾನಿಗೂ ಆಗ ಜಿದ್ದು. ಯಾರು ಹೆಚ್ಚು ಹೊಸ ಪ್ರಾಣಿಗಳಿಗೆ ಹೆಸರಿಡ್ತಾರೆ ಅನ್ನೋದೇ ಪೈಪೋಟಿ. ಕೊಂಬು ಸ್ವಲ್ಪ ಹಿಂದಕ್ಕೆ ಬಾಗಿದ್ದರೆ ಒಂದು ಪ್ರಭೇದ, ಮುಂದಕ್ಕೆ ಬಾಗಿದ್ದರೆ ಇನ್ನೊಂದು. ಮೂಗಿನ ಕೊಂಬು ಗಿಡ್ಡ ಇದ್ದರೆ ಮಗದೊಂದು. ಅವರ ನಂತರ ಬಂದವರೂ ಅದನ್ನೇ ಮುಂದುವರಿಸಿದರು. ಟ್ರೈಸೆರಟಾಪ್ಸ್ ಕುಲ ಒಂದರಲ್ಲೇ ಹತ್ತಕ್ಕೂ ಹೆಚ್ಚು ಪ್ರಭೇದಗಳಾದವು. 1986ರಲ್ಲಿ ಆಸ್ಟ್ರಮ್ ಮತ್ತು ವೆಲ್ನ್‌ಹೋಫರ್ ಎಲ್ಲವನ್ನೂ ಮತ್ತೆ ನೋಡಿ, ಇವೆಲ್ಲ ಒಂದೇ ಪ್ರಭೇದ ಅಂದರು. 1996ರಲ್ಲಿ ಕ್ಯಾಥರೀನ್ ಫಾರ್ಸ್ಟರ್ ಒಂದಲ್ಲ, ಎರಡು ಅಂದರು. ಇವತ್ತಿಗೆ ಹೆಚ್ಚಿನವರು ಒಪ್ಪೋದು ಈ ಎರಡನ್ನೇ: ಹಾರಿಡಸ್ ಮತ್ತು ಪ್ರೋರ್ಸಸ್.

ಉಳಿದ ಹೆಸರುಗಳ ಕಥೆ ಏನು? ಕೆಲವು ಒಂದೊಂದು ಪ್ರಾಣಿಗೆ ಸಹಜವಾಗಿರುವ ಸಣ್ಣ ವ್ಯತ್ಯಾಸಗಳು. ಕೆಲವು ಮಣ್ಣಿನಡಿ ಒತ್ತಡಕ್ಕೆ ಸೊಟ್ಟಗಾದ ತಲೆಬುರುಡೆಗಳು. ಇನ್ನು ಕೆಲವು ಬರೀ ವಯಸ್ಸಿನ ವ್ಯತ್ಯಾಸ. ನಮ್ಮ ಕಥೆಗೆ ಬೇಕಾದ್ದು ಈ ಮೂರನೆಯದು.

ಕೊಂಬು ತಿರುಗುವ ಪ್ರಾಯ

2006ರಲ್ಲಿ ಜಾಕ್ ಹಾರ್ನರ್ ಮತ್ತು ಮಾರ್ಕ್ ಗುಡ್ವಿನ್ ಒಂದು ಚಂದದ ಕೆಲಸ ಮಾಡಿದರು. ಅಮೆರಿಕದ ಮೊಂಟಾನಾದಲ್ಲಿ ಹೆಲ್ ಕ್ರೀಕ್ ಅಂತ ಒಂದು ಕಲ್ಲಿನ ಪದರ ಇದೆ. ಅಲ್ಲಿ ಸಿಕ್ಕ ಟ್ರೈಸೆರಟಾಪ್ಸ್ ತಲೆಬುರುಡೆಗಳನ್ನು ಮರಿಯಿಂದ ಮುದಿಯವರೆಗೆ ಸಾಲಾಗಿ ಜೋಡಿಸಿ ನೋಡಿದರು. ಮರಿಯ ತಲೆಬುರುಡೆ ಅರ್ಧ ಮೀಟರಿಗೂ ಕಡಿಮೆ, ಕಣ್ಣಿನ ಮೇಲಿನ ಕೊಂಬು ಹೆಬ್ಬೆರಳಿನಷ್ಟು. ಸ್ವಲ್ಪ ದೊಡ್ಡದಾದಾಗ ಕೊಂಬು ಹಿಂದಕ್ಕೆ ಬಾಗತ್ತೆ. ಪ್ರಾಯಕ್ಕೆ ಬರುವಾಗ ದಿಕ್ಕು ಬದಲಿಸಿ ಮುಂದಕ್ಕೆ ಬಾಗತ್ತೆ. ದೊಡ್ಡದರ ತಲೆಬುರುಡೆ ಎರಡೂವರೆ ಮೀಟರ್ ಹತ್ತಿರ ಹೋಗತ್ತೆ. ತಲೆಯ ಹಿಂದೆ ಮೊರದ ಹಾಗೆ ಹರಡಿದ ಎಲುಬಿನ ಹಲಗೆ ಇದೆಯಲ್ಲ, ಅದರ ಅಂಚಿನಲ್ಲಿ ಎಳವೆಯಲ್ಲಿ ಚೂಪಾದ ತ್ರಿಕೋನಗಳಿರುತ್ತವೆ. ವಯಸ್ಸಾದ ಹಾಗೆ ಅವೂ ಚಪ್ಪಟೆಯಾಗಿ ಅಂಚಿನಲ್ಲೇ ಸೇರಿಹೋಗುತ್ತವೆ.

ಅಂದರೆ, ಕೊಂಬು ಹಿಂದಕ್ಕೋ ಮುಂದಕ್ಕೋ ಅನ್ನೋದು ಪ್ರಭೇದದ ಗುರುತಾಗಲೇಬೇಕಿಲ್ಲ. ಅದು ಪ್ರಾಯದ ಗುರುತಾಗಿರಬಹುದು. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ, ಒಂದೇ ಸೈನ್ ವೇವ್‌ನ ಮೂರು ಕ್ಷಣಗಳಲ್ಲಿ ಒಂದೊಂದು ಸ್ಯಾಂಪಲ್ ತಗೊಂಡು, ಇವು ಮೂರು ಬೇರೆ ಬೇರೆ ಸಿಗ್ನಲ್ ಅಂತ ರಿಪೋರ್ಟ್ ಬರೆದ ಹಾಗೆ.

ಇದೇ ಗುಂಪಿನ ಇನ್ನೂ ಎರಡು ಹೆಸರು ಕೇಳಿ. 1876ರಲ್ಲಿ ಕೋಪ್ ಹೆಸರಿಟ್ಟ ಮೊನೊಕ್ಲೋನಿಯಸ್, 1914ರಲ್ಲಿ ಗಿಲ್ಮೋರ್ ಹೆಸರಿಟ್ಟ ಬ್ರಾಕಿಸೆರಟಾಪ್ಸ್. ಎರಡರದ್ದೂ ತಲೆಯ ಹಲಗೆ ಬೋಳು ಬೋಳು, ಅಲಂಕಾರ ಕಡಿಮೆ. 1997ರಲ್ಲಿ ಸ್ಕಾಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ತೋರಿಸಿದ್ದೇನೆಂದರೆ, ಇಂಥ ಬೋಳು ತಲೆಗಳು ಬೇರೆ ಬೇರೆ ಪ್ರಭೇದಗಳ ಎಳೆಯ ಪ್ರಾಣಿಗಳಲ್ಲೂ ಕಾಣುತ್ತವೆ. ಈ ಗುಂಪಿನಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರೆ ಮಾಡುವ ಕೊಂಬು, ಕೊಕ್ಕೆಗಳೆಲ್ಲ ಪೂರ್ತಿ ಬರೋದೇ ದೊಡ್ಡದಾಗುವ ಹೊತ್ತಿಗೆ. ಎಳವೆಯಲ್ಲಿ ಎಲ್ಲ ಒಂದೇ ಥರ. ಹಾಗಾಗಿ ಮರಿಗೆ ಹೆಸರಿಟ್ಟರೆ ಎರಡು ಥರ ಕೆಡತ್ತೆ. ಒಂದು, ಇಲ್ಲದ ಪ್ರಭೇದ ಹುಟ್ಟಿಕೊಳ್ಳತ್ತೆ. ಎರಡು, ನಾಲ್ಕಾರು ಪ್ರಭೇದಗಳ ಮರಿಗಳೆಲ್ಲ ಒಂದೇ ಹೆಸರಿನ ಚೀಲಕ್ಕೆ ಬೀಳುತ್ತವೆ.

ಹ್ಯಾರಿ ಪಾಟರ್ ಅಭಿಮಾನಿಗಳಿಗೆ ಒಂದು ಬೇಜಾರಿನ ಸುದ್ದಿ. 2006ರಲ್ಲಿ ಹಾಗ್ವರ್ಟ್ಸ್ ಶಾಲೆಯ ನೆನಪಿಗೆ ‘ಡ್ರಾಕೊರೆಕ್ಸ್ ಹಾಗ್ವರ್ಟ್ಸಿಯ’ ಅಂತ ಒಂದು ಡೈನೋಸಾರಿಗೆ ಹೆಸರಿಟ್ಟಿದ್ದರು. ಇದು ಕೊಂಬಿನ ಡೈನೋಸಾರ್‌ಗಳ ದಾಯಾದಿ ಗುಂಪಿನದ್ದು, ತಲೆ ತುಂಬ ಮುಳ್ಳು. 2009ರಲ್ಲಿ ಹಾರ್ನರ್ ಮತ್ತು ಗುಡ್ವಿನ್, ಇದು ಗುಮ್ಮಟದಂಥ ತಲೆಯ ಪ್ಯಾಕಿಸೆಫಲೊಸಾರಸ್‌ನ ಮರಿಯೇ ಅಂತ ವಾದಿಸಿದರು. ಬೆಳೀತಾ ಮುಳ್ಳು ಕರಗಿ ಗುಮ್ಮಟ ಏರತ್ತಂತೆ. ಈಗ ಅನೇಕರು ಅದನ್ನು ಒಪ್ತಾರೆ.

ಬಿದನೂರು, ನಗರ, ಹೊಸನಗರ

ಇಷ್ಟು ಓದಿದ ಮೇಲೆ, ಹಾಗಾದರೆ ಅನುಮಾನ ಬಂದದ್ದನ್ನೆಲ್ಲ ಮರಿ ಅಂತ ಒಂದಕ್ಕೇ ಸೇರಿಸಿಬಿಟ್ಟರೆ ಆಯ್ತಲ್ಲ ಅನ್ನಿಸಬಹುದು. ಆಗಲ್ಲ. ಅದಕ್ಕೆ ನಮ್ಮ ಕಡೆಯದೇ ಉದಾಹರಣೆ ಕೊಡ್ತೀವಿ.

ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್ ನಗರ ಅಂತ ಕರೆದ. ಈಗ ಅದು ಬರೀ ನಗರ. ಮೂರು ಹೆಸರು, ಊರು ಒಂದೇ, ಬೇರೆ ಬೇರೆ ಕಾಲದ್ದು ಅಷ್ಟೆ. ಹಾಗಂತ ಹೊಸನಗರವನ್ನೂ ‘ಅದೇ ಊರಿನ ಹೊಸ ಅವತಾರ’ ಅಂತ ಸೇರಿಸಿದರೆ ಆ ಕಡೆಯ ಬಸ್ಸು ಹತ್ತಿದವರೆಲ್ಲ ನಗ್ತಾರೆ. ಅದು ಬೇರೆಯೇ ಊರು. ಹೆಸರು ಹೋಲತ್ತೆ ಅಂತ ಕೂಡಿಸೋದೂ ತಪ್ಪು, ಹೆಸರು ಬೇರೆ ಅಂತ ಒಡೆಯೋದೂ ತಪ್ಪು.

ಡೈನೋಸಾರಿನಲ್ಲಿ ಇಂಥದ್ದೇ ಜಗಳ ಟೊರೊಸಾರಸ್‌ದು. ಇದಕ್ಕೂ ಮಾರ್ಷ್‌ನೇ 1891ರಲ್ಲಿ ಹೆಸರಿಟ್ಟದ್ದು. ನೋಡೋಕೆ ಟ್ರೈಸೆರಟಾಪ್ಸ್ ಥರವೇ, ಆದರೆ ತಲೆಯ ಹಲಗೆ ಇನ್ನೂ ಉದ್ದ, ಅದರಲ್ಲಿ ಎರಡು ದೊಡ್ಡ ತೂತು. ಟ್ರೈಸೆರಟಾಪ್ಸ್ ಹಲಗೆಯಲ್ಲಿ ತೂತಿಲ್ಲ. 2010ರಲ್ಲಿ ಜಾನ್ ಸ್ಕ್ಯಾನೆಲ್ಲಾ ಮತ್ತು ಹಾರ್ನರ್ ಒಂದು ಬಾಂಬ್ ಹಾಕಿದರು. ಟೊರೊಸಾರಸ್ ಅಂದರೆ ಮುದಿ ಟ್ರೈಸೆರಟಾಪ್ಸ್, ಎಳೆಯದರ ಹಲಗೆಯಲ್ಲಿ ತೆಳುವಾಗಿರುವ ಜಾಗವೇ ವಯಸ್ಸಾದ ಮೇಲೆ ತೂತಾಗತ್ತೆ ಅಂದರು. ‘ಟ್ರೈಸೆರಟಾಪ್ಸ್ ಇರಲೇ ಇಲ್ಲವಂತೆ’ ಅಂತ ಆಗ ಸುದ್ದಿ ಹಬ್ಬಿತು. ಅದು ತಿರುವು ಮುರುವು. ನಾಮಕರಣದ ನಿಯಮದ ಪ್ರಕಾರ ಮೊದಲು ಇಟ್ಟ ಹೆಸರು ಉಳಿಯತ್ತೆ. 1889ರದ್ದು ಹಳೆಯದು, ಹೋಗೋದಿದ್ದರೆ 1891ರ ಟೊರೊಸಾರಸ್ ಹೋಗಬೇಕು.

ಅದೂ ಹೋಗಲಿಲ್ಲ. 2012ರಲ್ಲಿ ಲಾಂಗ್ರಿಚ್ ಮತ್ತು ಫೀಲ್ಡ್ ತಲೆಬುರುಡೆಯ ಮೂಳೆಗಳು ಎಷ್ಟರ ಮಟ್ಟಿಗೆ ಬೆಸೆದುಕೊಂಡಿವೆ ಅಂತ ನೋಡಿದರು. ಪೂರ್ತಿ ಬಲಿಯದ ಟೊರೊಸಾರಸ್ಸೂ ಇದೆ, ಪೂರ್ತಿ ಬಲಿತ ಟ್ರೈಸೆರಟಾಪ್ಸೂ ಇದೆ, ಹಾಗಾದರೆ ಒಂದು ಇನ್ನೊಂದರ ಮುಪ್ಪು ಆಗೋದು ಹೇಗೆ ಅಂತ ಕೇಳಿದರು. 2022ರಲ್ಲಿ ಕೆನಡಾದ ಟೊರೊಸಾರಸ್ ಮೂಳೆಗಳನ್ನು ಕೊಯ್ದು ನೋಡಿದ ಜೋರ್ಡನ್ ಮ್ಯಾಲನ್ ಮತ್ತು ಸಂಗಡಿಗರ ಅಧ್ಯಯನವೂ ಅದು ಬೇರೆಯೇ ಅನ್ನುವ ಪಕ್ಷಕ್ಕೆ ಬಲ ಕೊಟ್ಟಿತು.

ಗಮನಿಸಿ, ಎರಡೂ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ಇದರ ಪ್ರಾಯ ಎಷ್ಟು? ಉತ್ತರ ಬೇರೆ ಬಂದಿರಬಹುದು, ದಾರಿ ಸರಿ ಇದೆ. ಮೂಳೆಯನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತೇಗದ ದಿಮ್ಮಿಯಲ್ಲಿ ಕಾಣುವ ಹಾಗೆ ವರ್ಷವರ್ಷದ ಗೆರೆಗಳು ಕಾಣುತ್ತವೆ. ಗೆರೆ ಅಂಚಿನಲ್ಲಿ ಒತ್ತೊತ್ತಾಗಿದ್ದರೆ ಬೆಳವಣಿಗೆ ನಿಂತಿದೆ, ಅಂದರೆ ದೊಡ್ಡದು. ಅಗಲ ಅಗಲ ಇದ್ದರೆ ಇನ್ನೂ ಬೆಳೀತಿದೆ. ಗಾತ್ರ ನೋಡಿ ವಯಸ್ಸು ಹೇಳೋದಕ್ಕಿಂತ ಇದು ಎಷ್ಟೋ ನಂಬಿಕಸ್ಥ.

ನಮ್ಮ ಕಾಡಿನ ಕೊಂಬುಗಳು

ಮಲೆನಾಡಲ್ಲಿ ಡೈನೋಸಾರ್ ಸಿಗಲ್ಲ. ನಮ್ಮ ಕಡೆಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಡೈನೋಸಾರ್ ಅಲ್ಲ, ಮೀನು ಕೂಡ ಹುಟ್ಟುವ ಎಷ್ಟೋ ಮುಂಚಿನವು. ನರ್ಮದಾ ಕಣಿವೆಯಲ್ಲಿ ಸಿಕ್ಕ ರಾಜಾಸಾರಸ್‌ಗೆ ತಲೆ ಮೇಲೆ ಕೊಂಬಿನಂಥ ಒಂದು ಉಬ್ಬು ಇತ್ತು. 2003ರಲ್ಲಿ ಅದಕ್ಕೆ ಹೆಸರಿಟ್ಟರು. ಆದರೆ ಅದು ಮಾಂಸ ತಿನ್ನುವ ಬೇರೆ ಗುಂಪಿನದ್ದು. ಆದರೆ ಬೆಳೀತಾ ಬೆಳೀತಾ ರೂಪ ಬದಲಿಸುವ ಜೀವಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ಬದುಕಿವೆ, ನಮ್ಮ ಕಣ್ಣ ಮುಂದೆ ಬೆಳೀತವೆ ಅನ್ನೋದೇ ವ್ಯತ್ಯಾಸ.

ದೊಡ್ಡ ಮಂಗಟ್ಟೆಯನ್ನೇ ತಗೊಳ್ಳಿ. ಗ್ರೇಟ್ ಹಾರ್ನ್‌ಬಿಲ್. ಇದರ ವೈಜ್ಞಾನಿಕ ಹೆಸರು ಬ್ಯುಸೆರಸ್ ಬೈಕಾರ್ನಿಸ್. ಬೈಕಾರ್ನಿಸ್ ಅಂದರೆ ಎರಡು ಕೊಂಬಿನದ್ದು. ಕೊಕ್ಕಿನ ಮೇಲಿರುವ ಹಳದಿ ಶಿರಸ್ತ್ರಾಣದ ಮುಂಭಾಗ ಎರಡು ಮೊನೆಯಾಗಿ ಕಾಣೋದಕ್ಕೆ ಈ ಹೆಸರು. ತಮಾಷೆ ಏನಂದರೆ, ಮರಿಗೆ ಆ ಶಿರಸ್ತ್ರಾಣವೇ ಇರಲ್ಲ. ಆರು ತಿಂಗಳ ಆಸುಪಾಸಿನಲ್ಲಿ ಮೂಡೋಕೆ ಶುರುವಾಗಿ ಪೂರ್ತಿ ಆಗೋಕೆ ಐದು ವರ್ಷ ಬೇಕು. ಅಂದರೆ ‘ಎರಡು ಕೊಂಬಿನ ಹಕ್ಕಿ’ ತನ್ನ ಮೊದಲ ಕೆಲವು ತಿಂಗಳು ಒಂದೂ ಕೊಂಬಿಲ್ಲದೆ ಕಳೆಯತ್ತೆ. ಎರಡು ಕೋಟಿ ವರ್ಷ ಆದಮೇಲೆ ಯಾರೋ ಶರಾವತಿ ಕಣಿವೆ ಅಗೆದು ಮರಿಯದ್ದೊಂದು, ದೊಡ್ಡದರದ್ದೊಂದು ತಲೆಬುರುಡೆ ಹೊರಗೆ ತೆಗೆದರೆ ಎರಡು ಹೊಸ ಕುಲ ಸೃಷ್ಟಿಯಾಗೋದು ಗ್ಯಾರಂಟಿ.

ಕಾಟಿಯ ಕರು ಹುಟ್ಟುವಾಗ ಹೊಂಬಣ್ಣ. ಬೆಳೆದ ಗಂಡು ಕಾಟಿ ಕಡುಗಪ್ಪು, ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಕಡವೆಯ ಮೊದಲ ಕೊಂಬು ಕವಲಿಲ್ಲದ ಬರೀ ಕಡ್ಡಿ, ಪೂರ್ತಿ ಬಲಿತ ಕಡವೆಗೆ ಒಂದೊಂದು ಕೊಂಬಿನಲ್ಲಿ ಮೂರು ಕವಲು. ಕಾಟಿಯ ಕೊಂಬು ಟ್ರೈಸೆರಟಾಪ್ಸ್ ಕೊಂಬಿನ ಥರ, ಒಳಗೆ ಮೂಳೆ ಹೊರಗೆ ಉಗುರಿನಂಥ ಹೊದಿಕೆ, ಬೀಳಲ್ಲ. ಕಡವೆಯದು ಬಿದ್ದು ಮತ್ತೆ ಹುಟ್ಟತ್ತೆ. ಹಾಗಾಗಿ ಕಡವೆಗೆ ಪ್ರಾಯ ಮಾತ್ರ ಅಲ್ಲ, ಕಾಲವನ್ನೂ ಕೇಳಬೇಕು.

ಕಪ್ಪೆಗಳ ವಿಷಯ ಇನ್ನೂ ಸೂಕ್ಷ್ಮ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಎಷ್ಟೋ ಪ್ರಭೇದಗಳು ನೋಡೋಕೆ ಒಂದೇ ಥರ, ಗಂಡು ಕೂಗುವ ರೀತಿ ಬೇರೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಕುಂಬಾರ ಕಪ್ಪೆಯ ಹೆಸರೇ ಅದರ ನಡವಳಿಕೆಯಿಂದ ಬಂದದ್ದು. ಗಂಡು ಕೈಯಿಂದ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತತ್ತೆ. ಕೂಗು, ನಡವಳಿಕೆ ಎಲ್ಲ ದೊಡ್ಡ ಕಪ್ಪೆಯ ಗುಣ. ಗೊದಮೊಟ್ಟೆ ಕೂಗಲ್ಲ.

ಕಾಳಿಂಗ ಕಲಿಸಿದ ಪಾಠ

ಈಗ ಆಗುಂಬೆಗೆ ಬನ್ನಿ. ನಮ್ಮ ಪ್ರಕಾರ ಈ ಇಡೀ ಚರ್ಚೆಯ ಒಳ್ಳೇ ಉದಾಹರಣೆ ತೀರ್ಥಹಳ್ಳಿ ತಾಲೂಕಿನಲ್ಲೇ ಇದೆ.

1836ರಲ್ಲಿ ಥಿಯೋಡೋರ್ ಕ್ಯಾಂಟರ್ ಬಂಗಾಳದ ಕಾಳಿಂಗ ಸರ್ಪಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಅಲ್ಲಿಂದ ಮುಂದೆ ಬಹುಕಾಲ ಭಾರತದಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳೂ ಒಂದೇ ಪ್ರಭೇದ ಅಂತ ಲೆಕ್ಕ. ಹಾವುಗಳ ಬಣ್ಣ, ಪಟ್ಟೆ ಊರಿಂದ ಊರಿಗೆ ಬೇರೆ ಇರೋದು ಎಲ್ಲರಿಗೂ ಕಾಣ್ತಿತ್ತು. ಆದರೆ ಅದನ್ನೇ ನೆಚ್ಚೋ ಹಾಗಿರಲಿಲ್ಲ. ಯಾಕಂದರೆ ಕಾಳಿಂಗದ ಬಣ್ಣ ಪ್ರಾಯದ ಜೊತೆಗೂ ಬದಲಾಗತ್ತೆ. ಮರಿ ಹೊಳೆಯುವ ಕಪ್ಪು, ಮೈತುಂಬ ಬಿಳಿ ಅಥವಾ ಹಳದಿ ಪಟ್ಟೆ. ಬೆಳೆದ ಹಾಗೆ ಮೈ ಕಂದು, ಆಲಿವ್ ಬಣ್ಣಕ್ಕೆ ತಿರುಗಿ ಪಟ್ಟೆ ಮಾಸತ್ತೆ. ಒಂದು ಊರಿನ ಮರಿಯನ್ನೂ ಇನ್ನೊಂದು ಊರಿನ ದೊಡ್ಡ ಹಾವನ್ನೂ ಪಕ್ಕದಲ್ಲಿಟ್ಟರೆ ಏನನ್ನೂ ಹೇಳೋಕಾಗಲ್ಲ.

ಗಂಟು ಬಿಚ್ಚಿದ್ದು ಡಿಎನ್ಎ. ಆಗುಂಬೆಯಲ್ಲಿ ವರ್ಷಗಟ್ಟಲೆ ಕಾಳಿಂಗದ ಹಿಂದೆ ಬಿದ್ದ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು 2021ರಲ್ಲಿ, ಇದು ಒಂದಲ್ಲ, ನಾಲ್ಕು ಬೇರೆ ಬೇರೆ ವಂಶ ಅಂತ ತೋರಿಸಿದರು. ಆಮೇಲೆ ಪಟ್ಟೆ, ಹಲ್ಲು ಮುಂತಾದ ದೇಹದ ಲಕ್ಷಣಗಳನ್ನೂ ಹೋಲಿಸಿ ನೋಡಿ 2024ರಲ್ಲಿ ಇಂದ್ರನೀಲ್ ದಾಸ್, ಗೌರಿ ಶಂಕರ್ ಮತ್ತಿತರರು ನಾಲ್ಕು ಪ್ರಭೇದ ಅಂತ ಪ್ರಕಟಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ಒಫಿಯೋಫೇಗಸ್ ಕಾಳಿಂಗ. 188 ವರ್ಷ ಕಾದು ನಮ್ಮ ಹಾವಿಗೆ ಕೊನೆಗೂ ನಮ್ಮ ಹೆಸರೇ ಬಂತು.

ಇಲ್ಲಿ ಎರಡು ಪಾಠ ಇದೆ. ಒಂದು, ಒಡೆಯೋದು ಯಾವಾಗಲೂ ತಪ್ಪಲ್ಲ. ಪ್ರಾಯದ ಲೆಕ್ಕ ಸರಿಯಾಗಿ ತೆಗೆದು, ಉಳಿದ ವ್ಯತ್ಯಾಸ ನಿಜವೇ ಅಂತ ನೋಡಿ ಒಡೆದರೆ ಅದು ಜ್ಞಾನ. ಎರಡನೆಯದು ದೊಡ್ಡದು. ಎಲ್ಲ ಕಾಳಿಂಗವೂ ಒಂದೇ ಅಂತ ಇದ್ದಾಗ, ಇಲ್ಲಿ ಕಡಿಮೆಯಾದರೆ ಥಾಯ್ಲೆಂಡಿನಲ್ಲಿ ಇದೆಯಲ್ಲ ಅನ್ನಬಹುದಿತ್ತು. ಈಗ ಹಾಗನ್ನೋಕಾಗಲ್ಲ. ನಮ್ಮ ಘಟ್ಟದಲ್ಲಿ ಹೋದರೆ ಜಗತ್ತಿನಲ್ಲೇ ಹೋಯ್ತು. ಹೆಸರು ಏನಾದ್ರೇನು ಅನ್ನೋರಿಗೆ ನಮ್ಮ ಉತ್ತರ ಇದೇ. ಹೆಸರಿನ ಮೇಲೆ ಎಣಿಕೆ, ಎಣಿಕೆಯ ಮೇಲೆ ರಕ್ಷಣೆ. ಡೈನೋಸಾರಿನಲ್ಲೂ ಅಷ್ಟೆ. ಮರಿಗಳನ್ನೆಲ್ಲ ಬೇರೆ ಪ್ರಭೇದ ಅಂತ ಎಣಿಸಿದರೆ 6.6 ಕೋಟಿ ವರ್ಷದ ಹಿಂದೆ ಅವು ಅಳಿಯುವ ಹೊತ್ತಿಗೆ ಎಷ್ಟು ಪ್ರಭೇದ ಇದ್ದವು ಅನ್ನೋ ಲೆಕ್ಕವೇ ಉಬ್ಬಿಹೋಗತ್ತೆ.

ಇನ್ನೊಂದು ನೇರವಾದ ಅಪಾಯವೂ ಇದೆ. ಮಳೆಗಾಲದಲ್ಲಿ ಗೂಡಿನಿಂದ ಹೊರಬರುವ ಕಾಳಿಂಗದ ಮರಿ ಕಪ್ಪು ಮೈ, ಬಿಳಿ ಪಟ್ಟೆಯಿಂದಾಗಿ ಕಟ್ಟುಹಾವಿನ ಹಾಗೆ ಕಾಣಬಹುದು. ಕಟ್ಟುಹಾವು ಅಂತ ಬಡಿದು ಸಾಯಿಸೋದು ಒಂದು ಕಡೆ. ಅದಕ್ಕಿಂತ ಕೆಟ್ಟದ್ದು, ಯಾವುದೋ ಕೆರೆಹಾವಿನ ಮರಿ ಅಂತ ಕೈಯಲ್ಲಿ ಹಿಡಿದು ರೀಲ್ಸ್ ಮಾಡೋದು. ಮರಿಗೂ ವಿಷ ಇದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ವಿಷನಿರೋಧಕ ಔಷಧ ತಯಾರಾಗೋದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ, ಕಾಳಿಂಗಕ್ಕಲ್ಲ. ಹಾಗಾಗಿ ದೂರ ನಿಲ್ಲಿ. ಕಚ್ಚಿದರೆ ಹಾವು ಯಾವುದು ಅಂತ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಆ್ಯಪ್ ಮಾಡುವವರಿಗೆ

ಈಗ ನಮ್ಮ ಮನೆಯ ವಿಷಯ. ಮಲೆನಾಡಿನ ಹಕ್ಕಿ, ಹಾವು, ಕಪ್ಪೆ ಗುರುತಿಸುವ ಮಾಡೆಲ್ ಮಾಡೋದು ಈಗ ನಮ್ಮಂಥವರಿಗೂ ಕಷ್ಟ ಅಲ್ಲ. ನೆಟ್‌ನಿಂದ ಫೋಟೋ ಇಳಿಸಿ, ಫೋಲ್ಡರಿಗೆ ಪ್ರಭೇದದ ಹೆಸರು ಕೊಟ್ಟು, ರೆಡಿ ಇರುವ ನೆಟ್‌ವರ್ಕ್‌ಗೆ ತಿನ್ನಿಸಿದರೆ ಆಯ್ತು. ಆದರೆ ಆ ಫೋಟೋಗಳು ಯಾರವು? ಜನ ಕ್ಯಾಮೆರಾ ಎತ್ತೋದು ಚಂದ ಇರೋದಕ್ಕೆ. ಪೂರ್ತಿ ಶಿರಸ್ತ್ರಾಣ ಇರುವ ಮಂಗಟ್ಟೆ, ದೊಡ್ಡ ಕೊಂಬಿನ ಕಾಟಿ, ಹೆಡೆ ಎತ್ತಿದ ಕಾಳಿಂಗ. ಮರಿಗಳ ಫೋಟೋ ಕಡಿಮೆ. ಟೆಸ್ಟ್ ಸೆಟ್ ಕೂಡ ಅದೇ ರಾಶಿಯಿಂದ ತೆಗೆದದ್ದು. ಹಾಗಾಗಿ ಆಕ್ಯುರಸಿ ಎಷ್ಟೇ ಚೆನ್ನಾಗಿ ಬಂದರೂ ಅದು ದೊಡ್ಡವುಗಳ ಮೇಲಿನ ಆಕ್ಯುರಸಿ ಮಾತ್ರ. ಮರಿ ಎದುರು ಬಂದರೆ ಮಾಡೆಲ್ ಮಾರ್ಷ್ ಆಗತ್ತೆ, ಪೂರ್ತಿ ಆತ್ಮವಿಶ್ವಾಸದಿಂದ ಬೈಸನ್ ಅನ್ನತ್ತೆ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ಡೇಟಾಸೆಟ್‌ನಲ್ಲಿ ಪ್ರಭೇದದ ಪಕ್ಕ ಪ್ರಾಯದ ಕಾಲಂ ಇರಲಿ. ಐನ್ಯಾಚುರಲಿಸ್ಟ್‌ನಲ್ಲಿ ಜೀವನಹಂತ ಗುರುತಿಸುವ ಜಾಗ ಇದ್ದೇ ಇದೆ. ಫೋಟೋ ಹಾಕುವಾಗ ಅದನ್ನು ಖಾಲಿ ಬಿಡಬೇಡಿ. ಎರಡು, ರಿಸಲ್ಟ್ ತೋರಿಸುವಾಗ ಒಟ್ಟು ಆಕ್ಯುರಸಿ ಒಂದೇ ಸಾಲದು, ಮರಿಗೆ ಎಷ್ಟು ದೊಡ್ಡದಕ್ಕೆ ಎಷ್ಟು ಅಂತ ಬೇರೆ ಬೇರೆ ಕೊಡಿ. ಮೂರು, ‘ಗೊತ್ತಿಲ್ಲ’ ಅನ್ನೋ ಉತ್ತರಕ್ಕೆ ಮಾಡೆಲ್‌ನಲ್ಲಿ ಜಾಗ ಇರಲಿ. ಹಾವಿನ ವಿಷಯದಲ್ಲಂತೂ ತಪ್ಪು ಹೆಸರಿಗಿಂತ ‘ಗೊತ್ತಿಲ್ಲ, ಹತ್ತಿರ ಹೋಗಬೇಡಿ’ ಅನ್ನೋದು ಎಷ್ಟೋ ವಾಸಿ.

ಕಾಲೇಜಲ್ಲಿ ಟೈಮ್ ಎಲ್ಲಿದೆ, ಮಿನಿ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನೋರು ಇದ್ದಾರೆ. ನಿಜ, ಮರಿಗಳ ಫೋಟೋ ಹುಡುಕೋದು ಕಷ್ಟ. ಆದರೆ ಮಾಡದಿದ್ದರೂ ಬರೆಯಬಹುದಲ್ಲ? ‘ಈ ಮಾಡೆಲ್ ಬೆಳೆದ ಪ್ರಾಣಿಗಳಿಗೆ ಮಾತ್ರ’ ಅಂತ ರಿಪೋರ್ಟಿನಲ್ಲಿ ಒಂದು ಸಾಲು. ಅದಕ್ಕೆ ಎಕ್ಸ್ಟ್ರಾ ಜಿಪಿಯು ಬೇಕಿಲ್ಲ.

ಇನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಯಾಕೆ ಬರೀತಿದ್ದೀವಿ ಅಂದರೆ, ಪ್ರಾಯದ ಕಾಲಂ ನಮ್ಮ ಭಾಷೆಯಲ್ಲಿ ಆಗಲೇ ಇದೆ. ನಾವು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಅಲ್ಲಿ ‘ಕೌ’ ಮತ್ತು ‘ಕಾಫ್’ ಎರಡು ಪದ ಕಲಿತು ಮುಗಿಸಿದ್ವಿ. ಮನೆಯಲ್ಲಿ ಕರು, ಕಡಸು, ಹಸು, ಹೋರಿ, ಎತ್ತು. ಹಲಸಿಗೆ ಗುಜ್ಜೆ, ಕಾಯಿ, ಹಣ್ಣು. ತೆಂಗಿಗೆ ಎಳನೀರು, ಬನ್ನಂಗಾಯಿ, ಕಾಯಿ, ಕೊಬ್ಬರಿ. ಅಪ್ಪೆಮಿಡಿಯಲ್ಲಂತೂ ತಳಿಯ ಬೆಲೆ ಕಟ್ಟೋದೇ ಮಿಡಿ ಇದ್ದಾಗಿನ ವಾಸನೆ, ಆಕಾರ, ಸೊನೆ ನೋಡಿ. ಹಣ್ಣಾದ ಮೇಲೆ ಅದನ್ನು ಕೇಳೋರು ಕಡಿಮೆ. ಬೆಳೆಯುವವರಿಗೆ, ಸಾಕುವವರಿಗೆ ಪ್ರಾಯ ಯಾವಾಗಲೂ ಮುಖ್ಯವೇ ಆಗಿತ್ತು. ಹಾಗಾಗಿಯೇ ಅದಕ್ಕೆ ಪದ ಹುಟ್ಟಿದೆ.

ಕಾಡಿನ ಪ್ರಾಣಿಗಳಿಗೂ ಇಂಥ ಪದಗಳು ಊರಲ್ಲಿ ಇದ್ದೇ ಇರುತ್ತವೆ. ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯನ್ನು, ತೋಟಕ್ಕೆ ಬರುವವರನ್ನು, ಹೊಳೆಯಲ್ಲಿ ಮೀನು ಹಿಡಿಯುವವರನ್ನು ಕೇಳಿ. ಯಾವ ಮೀನಿನ ಮರಿಗೆ ಏನಂತಾರೆ, ಕಡವೆಯ ಮೊದಲ ಕೊಂಬಿಗೆ ಹೆಸರಿದೆಯಾ, ಮಂಗಟ್ಟೆಯ ಮರಿ ಕಂಡವರು ಯಾರಿದ್ದಾರೆ. ಕೇಳಿದ್ದನ್ನು ಊರಿನ ಹೆಸರಿನ ಜೊತೆ ಬರೆದು ಸಂಘಕ್ಕೆ ಕಳಿಸಿ. ನಾವು ಒಂದು ಶೀಟ್ ಮಾಡಿ ಇಡ್ತೀವಿ: ಪ್ರಾಣಿ, ಪ್ರಾಯ, ಪದ, ಊರು. ಮುಂದೆ ಯಾರಾದರೂ ಮಲೆನಾಡಿಗೆ ಆ್ಯಪ್ ಮಾಡಿದರೆ ಅವರ ಲೇಬಲ್‌ಗಳು ಅಲ್ಲಿಂದ ಶುರುವಾಗಲಿ.